ಬಾಕಿಗೆ ಒತ್ತೆಯಾದ ಟ್ರಾನ್ಸ್‌ಕ್ರಿಪ್ಟ್: ಮಾಜಿ ಸೈನಿಕರಿಗಾಗಿ ಬಿಡಿಸಿಕೊಂಡ ಬಗೆ

ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ನಾನು ಮಾಜಿ ಸೈನಿಕ ವಿದ್ಯಾರ್ಥಿಗಳ ಕಾಗದಪತ್ರ ನೋಡಿಕೊಳ್ಳುತ್ತೇನೆ. ಅವರು ಯಾವ ಕೋರ್ಸು ತೆಗೆದುಕೊಂಡಿದ್ದಾರೆ, ಎಷ್ಟು ಕ್ರೆಡಿಟ್ ಎಂದು ನಾನು ಮಾಜಿ ಸೈನಿಕರ ಇಲಾಖೆಗೆ ದೃಢೀಕರಿಸಿದ ಮೇಲೆಯೇ ಜಿಐ ಬಿಲ್ ಹಣ, ಅಂದರೆ ಮಾಜಿ ಸೈನಿಕರ ಓದಿಗೆ ಸರ್ಕಾರ ಕೊಡುವ ನೆರವು, ಬರುವುದು. ಅದಕ್ಕೆ ಹಿಂದೆ ಓದಿದ ಕಾಲೇಜುಗಳ ಟ್ರಾನ್ಸ್‌ಕ್ರಿಪ್ಟ್ (ಓದಿದ ಕೋರ್ಸು, ಅಂಕ, ಕ್ರೆಡಿಟ್‌ಗಳ ಅಧಿಕೃತ ದಾಖಲೆ) ಎಲ್ಲವೂ ಬೇಕು. ಒಮ್ಮೆ ಪಾಸಾದ ಕೋರ್ಸಿಗೆ ಇಲಾಖೆ ಮತ್ತೆ ದುಡ್ಡು ಕೊಡುವುದಿಲ್ಲ. ಇರುವ ಸೌಲಭ್ಯವೂ ಸಾಮಾನ್ಯವಾಗಿ 36 ತಿಂಗಳದ್ದು.

ನನ್ನ ಮೇಜಿಗೆ ಬರುವವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಬಾಕಿ ಕಟ್ಟೋವರೆಗೂ ಹಳೇ ಕಾಲೇಜು ಟ್ರಾನ್ಸ್‌ಕ್ರಿಪ್ಟ್ ಕೊಡಲ್ಲ ಅಂತಿದೆ, ಮ್ಯಾಮ್." ಶುಲ್ಕವನ್ನೆಲ್ಲ ಸರ್ಕಾರವೇ ಕಟ್ಟಿದೆ ಎಂದು ನಂಬಿದವರಿಗೆ ಬಾಕಿ ಎಲ್ಲಿಂದ ಬಂತೆಂದೇ ಗೊತ್ತಿರುವುದಿಲ್ಲ.

ಅದು ಹುಟ್ಟುವ ಬಗೆ ಹೀಗೆ. 2009ರಿಂದ ಜಾರಿಯಲ್ಲಿರುವ ಪೋಸ್ಟ್-9/11 ಜಿಐ ಬಿಲ್‌ನಲ್ಲಿ ಶುಲ್ಕ ನೇರವಾಗಿ ಕಾಲೇಜಿಗೆ ಹೋಗುತ್ತದೆ. ವಿದ್ಯಾರ್ಥಿ ನಡುವೆ ಕೋರ್ಸು ಬಿಟ್ಟರೆ ಇಲಾಖೆ ಆ ಹಣ ವಾಪಸು ಕೇಳುತ್ತದೆ. ಮೊದಲು ಆ ಸಾಲ ಬಹುಪಾಲು ವಿದ್ಯಾರ್ಥಿಯ ಹೆಸರಿಗೇ ಬೀಳುತ್ತಿತ್ತು. 2021ರ ಜನವರಿಯಲ್ಲಿ ಐಸಾಕ್ಸನ್-ರೋ ಕಾಯ್ದೆಗೆ ಸಹಿ ಬಿದ್ದ ಮೇಲೆ ಶುಲ್ಕ ಹಿಂತಿರುಗಿಸುವ ಹೊಣೆ ಕಾಲೇಜಿನದಾಯಿತು. ಉದ್ದೇಶ ಒಳ್ಳೆಯದೇ. ಆದರೆ ಅನೇಕ ಕಾಲೇಜುಗಳು ಇಲಾಖೆಗೆ ಕಟ್ಟಿದ್ದನ್ನು ವಿದ್ಯಾರ್ಥಿಯ ಖಾತೆಗೆ ಹಾಕುತ್ತವೆ. ಸಾಲ ಕೇಳುವವರು, ಟ್ರಾನ್ಸ್‌ಕ್ರಿಪ್ಟ್ ಇಟ್ಟುಕೊಂಡವರು ಇಬ್ಬರೂ ಒಂದೇ ಆದರು. ಫೀಸು ಕಟ್ಟದೆ ಟಿಸಿ ಇಲ್ಲ ಎನ್ನಿಸಿಕೊಂಡ ನಮ್ಮವರಿಗೆ ಈ ಇಕ್ಕಟ್ಟು ಬೇಗ ಅರ್ಥವಾದೀತು.

ನೌಕಾಪಡೆಯಿಂದ ಬಂದಿದ್ದ ಒಬ್ಬರ ಪ್ರಕರಣ ಹೇಳುತ್ತೇನೆ. ಬೇರೆ ರಾಜ್ಯದ ಕಾಲೇಜಿನಲ್ಲಿ ಎರಡು ಸೆಮಿಸ್ಟರ್ ಪೂರ್ತಿ ಓದಿ, ಮೂರನೆಯದನ್ನು ಬೆನ್ನಿನ ಶಸ್ತ್ರಚಿಕಿತ್ಸೆಯಿಂದಾಗಿ ನಡುವೆ ಬಿಟ್ಟಿದ್ದರು. ನಾನು ಮೊದಲು ಕೇಳಿದ್ದು ಟ್ರಾನ್ಸ್‌ಕ್ರಿಪ್ಟನ್ನಲ್ಲ, ಸೆಮಿಸ್ಟರ್‌ವಾರು ಶುಲ್ಕದ ಲೆಕ್ಕವನ್ನು. ಬಾಕಿ ಇದ್ದದ್ದು ಮೂರನೆಯದರ ಮೇಲೆ ಮಾತ್ರ. ಮೊದಲೆರಡರಲ್ಲಿ ಜಿಐ ಬಿಲ್ ಜೊತೆಗೆ ಪೆಲ್ ಗ್ರ್ಯಾಂಟ್, ಅಂದರೆ ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಶಿಕ್ಷಣ ಇಲಾಖೆ ಕೊಡುವ ನೆರವು, ಕೂಡ ಬಂದಿತ್ತು. ದಾರಿ ತೆರೆದದ್ದು ಅಲ್ಲೇ. 2024ರ ಜುಲೈ 1ರಿಂದ ಜಾರಿಗೆ ಬಂದ ಶಿಕ್ಷಣ ಇಲಾಖೆಯ ನಿಯಮದಂತೆ, ವಿದ್ಯಾರ್ಥಿ ಶಿಕ್ಷಣ ಇಲಾಖೆಯ ಫೆಡರಲ್ (ಕೇಂದ್ರ ಸರ್ಕಾರದ) ವಿದ್ಯಾರ್ಥಿ ನೆರವು ಪಡೆದ ಹಾಗೂ ಶುಲ್ಕ ಪೂರ್ತಿ ಸಂದ ಅವಧಿಗಳ ಕ್ರೆಡಿಟ್‌ಗಳಿಗೆ ಕಾಲೇಜು ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಕೊಡಲೇಬೇಕು. ಶುಲ್ಕ ಕಟ್ಟುವ ಒಪ್ಪಂದ ಆಗಿದ್ದರೂ ಸಾಕು. ಆ ಎರಡು ಸೆಮಿಸ್ಟರ್‌ಗಳದ್ದಷ್ಟೇ ಕೊಡಿ ಎಂದು ಅವರ ಸಹಿಯಲ್ಲಿ ರಿಜಿಸ್ಟ್ರಾರ್‌ಗೆ ಬರೆಸಿದೆ. ಪತ್ರವನ್ನು ಶುಲ್ಕ ವಸೂಲಿ ವಿಭಾಗಕ್ಕೆ ಕಳಿಸಲಿಲ್ಲ, ಅಲ್ಲಿ ಮಾತೆಲ್ಲ ಬಾಕಿಯ ಸುತ್ತಲೇ ತಿರುಗುತ್ತದೆ. ಟ್ರಾನ್ಸ್‌ಕ್ರಿಪ್ಟ್ ಬಂತು.

ಆಮೇಲೆ ಬಾಕಿಯ ಮಾತು. ಕಾಯಿಲೆ, ಕುಟುಂಬದಲ್ಲಿ ಸಾವು, ಸೇವೆಗೆ ಮರುಕರೆ ಇಂಥ ತಪ್ಪಿಸಲಾಗದ ಕಾರಣಕ್ಕೆ ಕೋರ್ಸು ಬಿಟ್ಟವರಿಗೆ ಅವರು ತರಗತಿಗೆ ಬಂದ ಕೊನೆಯ ದಿನದವರೆಗಿನ ಹಣವನ್ನು ಮಾಜಿ ಸೈನಿಕರ ಇಲಾಖೆ ಒಪ್ಪಿಕೊಳ್ಳುತ್ತದೆ. ಕಾರಣ ದಾಖಲಾಗದಿದ್ದರೆ ಸೆಮಿಸ್ಟರಿನ ಮೊದಲ ದಿನದಿಂದಲೇ ವಸೂಲಿ. ಇವರ ಆಸ್ಪತ್ರೆಯ ಕಾಗದ ಯಾರ ಕೈಗೂ ತಲುಪಿರಲಿಲ್ಲ. ಹಳೆಯ ಕಾಲೇಜಿನಲ್ಲಿ ನನ್ನಂಥದೇ ಕೆಲಸದಲ್ಲಿದ್ದವರಿಗೆ ಅದನ್ನು ಕಳಿಸಿ ತಿದ್ದುಪಡಿ ಮಾಡಿಸಿದೆವು. ಬಾಕಿ ಇಳಿಯಿತು, ಉಳಿದದ್ದು ಕಂತಿಗೆ ಹೋಯಿತು.

ಎಲ್ಲರಿಗೂ ಹೀಗಾಗುವುದಿಲ್ಲ. ಜಿಐ ಬಿಲ್ ಹಣ ಮಾಜಿ ಸೈನಿಕರ ಇಲಾಖೆಯದು. ಮೇಲಿನ ನಿಯಮ ಶಿಕ್ಷಣ ಇಲಾಖೆಯ ನೆರವಿಗೆ ಕಟ್ಟಿದ್ದು. ಬರೀ ಜಿಐ ಬಿಲ್‌ನಲ್ಲಿ ಓದಿದವರಿಗೆ ಈ ರಕ್ಷಣೆ ಸಿಗುವುದಿಲ್ಲ. ದೇಶ ಕಾದವರಿಗೆ ಉಳಿದ ವಿದ್ಯಾರ್ಥಿಗಳಿಗಿಂತ ಕಡಿಮೆ ರಕ್ಷಣೆ, ಇದು ಅನ್ಯಾಯವೆಂದೇ ನನ್ನ ಎಣಿಕೆ. ಹಾಗಾಗಿ ಹೊಸದಾಗಿ ಸೇರುವ ಪ್ರತಿಯೊಬ್ಬರಿಂದಲೂ ಫೆಡರಲ್ ನೆರವು ಕೋರುವ ಫಾಫ್ಸಾ ಅರ್ಜಿ ತುಂಬಿಸುತ್ತೇನೆ. ಜಿಐ ಬಿಲ್ ಇದೆಯೆಂದು ಪೆಲ್ ಗ್ರ್ಯಾಂಟ್ ಕಡಿತವಾಗುವುದಿಲ್ಲ. ಅರ್ಹರಿಗೆ ಬಂದ ಚಿಕ್ಕ ಮೊತ್ತವೂ ಮುಂದೆ ಟ್ರಾನ್ಸ್‌ಕ್ರಿಪ್ಟಿನ ಕಾವಲಿಗೆ ಬರುತ್ತದೆ.

ಫೆಡರಲ್ ನಿಯಮ ಒದಗದಿದ್ದಾಗ ರಾಜ್ಯದ ಕಾನೂನು ನೋಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ, ವಿದ್ಯಾರ್ಥಿ ಕಾಲೇಜಿಗೆ ಸಾಲಗಾರ ಎಂಬ ಕಾರಣಕ್ಕೆ ಟ್ರಾನ್ಸ್‌ಕ್ರಿಪ್ಟ್ ತಡೆಯುವಂತಿಲ್ಲ. ನ್ಯೂಯಾರ್ಕ್ 2022ರಲ್ಲಿ ಇಂಥದೇ ಕಾನೂನು ತಂದಿತು. ಅದೂ ಇಲ್ಲದ ಕಡೆ ವಿದ್ಯಾರ್ಥಿ ದಾಖಲೆಗಳ ಗೋಪ್ಯತೆ ಕುರಿತ 1974ರ ಫರ್ಪಾ ಕಾಯ್ದೆ: ತನ್ನ ದಾಖಲೆ ನೋಡಲು ವಿದ್ಯಾರ್ಥಿ ಕೇಳಿದರೆ 45 ದಿನದೊಳಗೆ ಕಾಲೇಜು ತೋರಿಸಬೇಕು. ಅದು ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಅಲ್ಲ, ವರ್ಗಾವಣೆಗೆ ನಡೆಯದು. ಆದರೆ ಯಾವುದು ಪಾಸಾಗಿದೆ ಎಂದು ತಿಳಿದರೆ ಅದೇ ಕೋರ್ಸಿಗೆ ಮತ್ತೆ ಸೇರುವುದು ತಪ್ಪುತ್ತದೆ.

ಈಗ ಬಾಗಿಲು ಮುಚ್ಚಿರುವ ಕಾಲೇಜಿನಲ್ಲಿ ಓದಿದವರು ರಾಜ್ಯದ ಉನ್ನತ ಶಿಕ್ಷಣ ಇಲಾಖೆಯನ್ನು ಕೇಳಬೇಕು. ದಾಖಲೆ ಸಾಮಾನ್ಯವಾಗಿ ಅಲ್ಲಿಗೆ ಅಥವಾ ಅವರು ಗೊತ್ತುಮಾಡಿದ ಕಡೆಗೆ ಹೋಗಿರುತ್ತದೆ. ಸೇನಾ ತರಬೇತಿಗೂ ಕ್ರೆಡಿಟ್ ಉಂಟು. ಭೂಸೇನೆ, ನೌಕಾಪಡೆ, ಮರೀನ್, ಕರಾವಳಿ ಪಡೆಯವರಿಗೆ ಅದರ ದಾಖಲೆ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್. ವಾಯುಪಡೆಯವರು ವಾಯುಪಡೆಯದೇ ಆದ ಕಮ್ಯುನಿಟಿ ಕಾಲೇಜಿನಿಂದ ತರಿಸಬೇಕು. ಅದನ್ನು ಯಾವ ಬಾಕಿಯೂ ತಡೆಯದ ಕಾರಣ ನಾನು ಮೊದಲು ತರಿಸುವುದು ಅದನ್ನೇ.