ಅರ್ಧ ಎಂಎಲ್ ರಕ್ತದಲ್ಲಿ ಎಂಡಿಎ: ಕೊನೆಗೂ ಕೈ ಹತ್ತಿತು

ಆಕ್ಸಿಜನ್‌ನಿಂದ ಹುಟ್ಟುವ ಉಗ್ರ ಅಣುಗಳು ಜೀವಕೋಶಕ್ಕೆ ಮಾಡುವ ಹಾನಿಯೇ ಆಕ್ಸಿಡೇಟಿವ್ ಸ್ಟ್ರೆಸ್. ಅದರಲ್ಲಿ ಕೊಬ್ಬು ಒಡೆದು ಎಂಡಿಎ ಅನ್ನೋ ವಸ್ತು ಹುಟ್ಟುತ್ತದೆ. ಟಿಬಿಎ ಅನ್ನೋ ರಾಸಾಯನಿಕ ಹಾಕಿ ಕುದಿಸಿದರೆ ಎಂಡಿಎ ಗುಲಾಬಿ ಬಣ್ಣ ಕೊಡುತ್ತದೆ, ಬಣ್ಣ ಹೆಚ್ಚಿದಷ್ಟೂ ನಂಬರ್ ಹೆಚ್ಚು. ಕಿಡ್ನಿ ಕಾಯಿಲೆಯ ಮಕ್ಕಳಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಅಳೆಯುತ್ತೇನೆ, ಅದೂ ಟಿಬಿಎ ಹಾಕಿ ಕುದಿಸಿ ಅಂದಾಗ ಲ್ಯಾಬಿನಲ್ಲಿ ಯಾರೂ ಒಪ್ಪಲಿಲ್ಲ. ‘ಹಳೇ ಟೆಸ್ಟು, ನಂಬರ್ ನಿಲ್ಲೋದಿಲ್ಲ, ಎಚ್‌ಪಿಎಲ್‌ಸಿ (ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇಲ್ಲದೆ ಕೈ ಹಾಕಬೇಡಿ’ ಅಂದರು. ಈಗ ಒಂದೇ ಸ್ಯಾಂಪಲ್ಲಿನ ಎರಡು ಟ್ಯೂಬ್ ನಡುವೆ ನೂರಕ್ಕೆ 6-7ಕ್ಕಿಂತ ಜಾಸ್ತಿ ವ್ಯತ್ಯಾಸ ಬರುವುದಿಲ್ಲ. ಅದೂ ಅರ್ಧ ಎಂಎಲ್ ರಕ್ತದಲ್ಲಿ. ಹಿಮೋಗ್ಲೋಬಿನ್ 7-8 ಇರುವ ಮಗುವಿನ ಹತ್ತಿರ 5 ಎಂಎಲ್ ಕೇಳೋಕೆ ನನಗೆ ಮನಸ್ಸು ಬರಲಿಲ್ಲ.

ಮೊದಲು ರೆಡಿಮೇಡ್ ಟೆಸ್ಟ್ ಕಿಟ್ ತರಿಸಿದೆ. ಸುಮಾರು 65 ಸಾವಿರ. ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಎಂಡಿಎ), ಬ್ಲ್ಯಾಂಕ್ (ಸ್ಯಾಂಪಲ್ ಇಲ್ಲದ್ದು) ಕಳೆದು, ಎರಡೆರಡು ಸಲ ಹಾಕಿದರೆ 40 ಮಕ್ಕಳಿಗೆ ಮುಗಿದುಹೋಯಿತು. ಅದರಲ್ಲೂ ಅರ್ಧ ಹಾಳು. ಕಿಟ್‌ನದು ತಪ್ಪಲ್ಲ. ಸಣ್ಣ ನರ, ಸಣ್ಣ ಸೂಜಿ. ಸಿರಿಂಜ್ ಜೋರಾಗಿ ಎಳೆದರೆ ರಕ್ತಕಣ ಒಡೆಯುತ್ತದೆ, ಅದರ ಕೆಂಪು ಪ್ಲಾಸ್ಮಾಕ್ಕೆ (ರಕ್ತದ ತಿಳಿ ಭಾಗ) ಬೆರೆತು ನಂಬರ್ ಕೆಡುತ್ತದೆ. ಪ್ಲಾಸ್ಮಾವನ್ನು ಬಿಳಿ ಹಾಳೆ ಮುಂದೆ ಹಿಡಿದು ನೋಡಿ. ಚೂರು ಕೆಂಪು ಕಂಡರೂ ಬಿಟ್ಟುಬಿಡಿ.

ಎರಡನೇ ಪೆಟ್ಟು ಫ್ರೀಜರ್‌ನದು. ಮೈನಸ್ 80 ಡಿಗ್ರಿಯದರಲ್ಲಿ ಜಾಗ ಇಲ್ಲ ಅಂತ ಸ್ಯಾಂಪಲ್‌ಗಳನ್ನು ಮೈನಸ್ 20ರಲ್ಲಿಟ್ಟೆ. ಮೂರು ವಾರಕ್ಕೆ ನಂಬರೆಲ್ಲ ಮೇಲೇರಿತ್ತು. 28 ಸ್ಯಾಂಪಲ್ ಹೋಯಿತು. ಅಳುವ ಮಗುವಿನ ಕೈ ಹಿಡಿದು ಕೂತಿದ್ದ ಅಮ್ಮಂದಿರು ನೆನಪಾಗಿ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ರಿಯೇಜೆಂಟ್ ನಾನೇ ಮಾಡಿದೆ. ಒಂದು ಟೆಸ್ಟಿಗೆ 40 ರೂಪಾಯಿ ಒಳಗೇ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಇರುವ ಟ್ಯೂಬ್, ಕೊಬ್ಬು ಆಕ್ಸಿಡೈಸ್ ಆಗದಂತೆ ತಡೆಯುವ ಬಿಎಚ್‌ಟಿ, 95 ಡಿಗ್ರಿ, ಒಂದು ಗಂಟೆ. ಬಿಎಚ್‌ಟಿ ಇಲ್ಲದಿದ್ದರೆ ಕುದಿಯುವಾಗಲೇ ಹೊಸ ಎಂಡಿಎ ಹುಟ್ಟುತ್ತದೆ. ಅದನ್ನು ಎಷ್ಟು, ಯಾವ ಹೊತ್ತಿಗೆ ಹಾಕುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಬ್ಯುಟನಾಲ್ ಅನ್ನೋ ದ್ರಾವಕ ಹಾಕಿ ಕುಲುಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೇಲೆ ತೆಳು ಗುಲಾಬಿ ಪದರ ನಿಲ್ಲುತ್ತದೆ. ಅದನ್ನು 532 ನ್ಯಾನೊಮೀಟರ್ ಬೆಳಕಿನಲ್ಲಿ ಓದಿ, ಹಿನ್ನೆಲೆ ಬಣ್ಣಕ್ಕೆ 572ರದ್ದು ಕಳೆಯುತ್ತೇನೆ. ಡಯಾಲಿಸಿಸ್ ಮಕ್ಕಳದು ಆರೋಗ್ಯವಂತ ಮಕ್ಕಳಿಗಿಂತ ಹೆಚ್ಚುಕಡಿಮೆ ಎರಡರಷ್ಟು ಬಂತು.

ನಡುವೆ ಒಂದು ವಿಷಯ ತಲೆ ಕೊರೆಯಿತು. ರಕ್ತಹೀನತೆಗೆ ಕೊಡುವ ಐರನ್ ಸುಕ್ರೋಸ್ (ಸಕ್ಕರೆ ಜೊತೆ ಸೇರಿಸಿದ ಕಬ್ಬಿಣ) ಡ್ರಿಪ್ ಆದ ಮೇಲೆ ತೆಗೆದ ರಕ್ತದಲ್ಲಿ ನಂಬರ್ ಜಿಗಿಯುತ್ತಿತ್ತು. ಕಬ್ಬಿಣ ಮಗುವಿಗೆ ಹಾನಿ ಮಾಡುತ್ತಿದೆ ಅಂತ ಬರೆದೇಬಿಡುತ್ತಿದ್ದೆ. ಸುಮ್ನೆ ನೋಡೋಣ ಅಂತ ನನ್ನದೇ ಪ್ಲಾಸ್ಮಾಕ್ಕೆ ಆ ಔಷಧಿ ಒಂದು ಹನಿ ಬಿಟ್ಟು ಕುದಿಸಿದೆ. ಬಣ್ಣ ಏರಿತು! ಸಕ್ಕರೆಯೂ ಟಿಬಿಎ ಜೊತೆ ಬಣ್ಣ ಕೊಡುತ್ತದೆ, ಕಬ್ಬಿಣ ಟ್ಯೂಬಿನೊಳಗೇ ಕೊಬ್ಬು ಒಡೆಯುವ ಕೆಲಸ ಶುರು ಮಾಡುತ್ತದೆ. ಕಬ್ಬಿಣದಿಂದ ಮಗುವಿಗೆ ಏನೂ ಆಗೋದಿಲ್ಲ ಅಂತಲ್ಲ, ಈ ಟೆಸ್ಟು ಅದನ್ನು ಬೇರ್ಪಡಿಸಿ ತೋರಿಸೋದಿಲ್ಲ ಅಷ್ಟೇ. ಆ 11 ಮಕ್ಕಳ ಲೆಕ್ಕ ಹೊಡೆದುಹಾಕಿದೆ. ಈಗ ಡ್ರಿಪ್ ಏರಿಸುವ ಮೊದಲೇ ನಾನೇ ಟ್ಯೂಬ್ ಹಿಡಿದು ವಾರ್ಡಿಗೆ ಹೋಗುತ್ತೇನೆ.