ಹಳೆಯ ಸ್ಪೀಕರ್ ಪೆಟ್ಟಿಗೆಗೆ ಸಾಗವಾನಿಯ ಹೊಸ ಮೈ

ಮಲ್ಲಿಕಾರ್ಜುನ ಮನ್ಸೂರರನ್ನೂ ಗಂಗೂಬಾಯಿ ಹಾನಗಲ್ಲರನ್ನೂ ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದ ಊರು ನಮ್ಮ ಧಾರವಾಡ. ಇಲ್ಲಿನ ಹಳೆಯ ಮನೆಗಳಲ್ಲಿ ಎಂಬತ್ತರ ದಶಕದ ಸ್ಪೀಕರ್ ಜೋಡಿಗಳು ಇನ್ನೂ ಸಿಗುತ್ತವೆ. ಒಳಗಿನ ವೂಫರ್, ಅಂದರೆ ಮಂದ್ರ ದನಿಯ ದೊಡ್ಡ ಸ್ಪೀಕರ್, ಗಟ್ಟಿಮುಟ್ಟಾಗಿರುತ್ತದೆ. ಹೊರಗಿನ ಪ್ಲಾಸ್ಟಿಕ್ ಹಾಳೆ ಸುಲಿದಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಗುಜರಿಗೆ ಹಾಕುವುದನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಸಪ್ತಾಪುರದ ನಮ್ಮ ಮನೆಯ ಹಿತ್ತಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಇಂಥ ಪೆಟ್ಟಿಗೆಗಳಿಗೆ ನಾನು ನಿಜವಾದ ಮರದ ವಿನಿಯರ್, ಅಂದರೆ ದಿಮ್ಮಿಯಿಂದ ತೆಳುವಾಗಿ ಸೀಳಿದ ಹಾಳೆ, ಹೊದಿಸುತ್ತೇನೆ.

ಮೊದಲು ಪೆಟ್ಟಿಗೆಯ ಹಿಂಭಾಗದ ಅಂಚನ್ನು ಚೆನ್ನಾಗಿ ನೋಡಿ. ಮೇಲಿರುವುದು ನಿಜವಾದ ಮರದ ಪದರವೇ ಆಗಿದ್ದರೆ ದಯವಿಟ್ಟು ಅದನ್ನು ಮುಚ್ಚಬೇಡಿ. ಒರೆಸಿ ಎಣ್ಣೆ ಕೊಟ್ಟರೆ ಸಾಕು. ಮರದ ಚಿತ್ರವಿರುವ ಪ್ಲಾಸ್ಟಿಕ್ ಹಾಳೆಯಾಗಿದ್ದರೆ ಮಾತ್ರ ಮುಂದುವರಿಯಿರಿ.

ವೂಫರ್, ಟ್ವೀಟರ್‌ಗಳನ್ನು ಬಿಚ್ಚುವಾಗ ಯಾವ ತಂತಿ ಯಾವ ಕಡ್ಡಿಗೆ ಹೋಗುತ್ತದೆ ಎಂಬುದರ ಫೋಟೊ ತೆಗೆದಿಟ್ಟುಕೊಳ್ಳಿ. ಬಿಚ್ಚಿದವನ್ನು ಬೇರೆ ಕೋಣೆಯಲ್ಲಿ ಬಟ್ಟೆಯೊಳಗೆ ಸುತ್ತಿಡಿ. ಕಬ್ಬಿಣದ ಪುಡಿ ಅಯಸ್ಕಾಂತದ ಸಂದಿಗೆ ಸೇರಿದರೆ ಮತ್ತೆ ಹೊರಬರುವುದಿಲ್ಲ. ಹಳೆಯ ಹಾಳೆಯನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡುತ್ತ ನಿಧಾನವಾಗಿ ಎಳೆಯಿರಿ. ಇಲ್ಲೊಂದು ಎಚ್ಚರಿಕೆ ಇದೆ: ಅಗ್ಗದ ಪೆಟ್ಟಿಗೆಗಳಲ್ಲಿ ಹಲಗೆಗೆ ಗೀರು ಕೊರೆದು, ಹಾಳೆಯ ಆಧಾರದಲ್ಲೇ ಮಡಚಿ ಮೂಲೆ ಕೂಡಿಸಿರುತ್ತಾರೆ. ಹಾಳೆ ಕಿತ್ತ ಮೇಲೆ ಆ ಮೂಲೆ ಬಿರಿಯಬಹುದು. ಒಳಗಡೆಯಿಂದ ಅಂಟು ಸುರಿದು, ಕ್ಲ್ಯಾಂಪ್ ಬಿಗಿದು ಒಂದು ರಾತ್ರಿ ಬಿಡಿ. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡಿನ (ಮರದ ಚೂರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಮೂಲೆಯನ್ನು ಕೆತ್ತಿ ತೆಗೆದು, ಎಪಾಕ್ಸಿ ಪುಟ್ಟಿ ತುಂಬಿ ಸಮ ಮಾಡಿ. ಕಣ್ಣಿಗಿಂತ ಅಂಗೈಯನ್ನು ನಂಬಿ. ಅಂಗೈಗೆ ತಗ್ಗು ತಾಕಿದರೆ ಪಾಲಿಶ್ ಹತ್ತಿದ ದಿನ ಅದು ಬೆಳಕಿನಲ್ಲಿ ಎದ್ದು ಕಾಣುತ್ತದೆ.

ವಿನಿಯರ್ ಕೇಳಿದರೆ ಹುಬ್ಬಳ್ಳಿಯ ಪ್ಲೈವುಡ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ತೆಳು ಪ್ಲೈಗೆ ಅಂಟಿಸಿದ 8×4 ಅಡಿಯ ಹಲಗೆಯನ್ನು ತೋರಿಸುತ್ತಾರೆ. ಅದು ಬೇಡ. ಅಂಚಿನಲ್ಲಿ ಪ್ಲೈ ಪದರ ಕಾಣುತ್ತದೆ, ಸ್ಪೀಕರ್ ಕೂರುವ ಕುಣಿಯ ಆಳವೂ ಬದಲಾಗುತ್ತದೆ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಬಿಡಿ ಹಾಳೆಯನ್ನೇ ಕೇಳಿ. ಜೊತೆಗೆ, ಒಂದೇ ದಿಮ್ಮಿಯಿಂದ ಒಂದರ ಮೇಲೊಂದು ಸೀಳಿದ ಅಕ್ಕಪಕ್ಕದ ಹಾಳೆಗಳನ್ನು ಆರಿಸಿ. ಎಡಗಡೆಯ ಪೆಟ್ಟಿಗೆಯ ಮರದ ಎಳೆ (ನಾರಿನ ಗೆರೆ) ಬಲಗಡೆಯದರಲ್ಲೂ ಹಾಗೆಯೇ ಮೂಡಿದರೆ ಮಾತ್ರ ಅವು ಜೋಡಿ ಅನ್ನಿಸುತ್ತವೆ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಸನ್‌ಮೈಕಾಕ್ಕೆ ಬಳಸುವ ಹಳದಿ ರಬ್ಬರ್ ಅಂಟನ್ನೇ ಬಡಿಗೇರರು ಇದಕ್ಕೂ ಸೂಚಿಸುತ್ತಾರೆ. ಸನ್‌ಮೈಕಾಕ್ಕೆ ಅದು ಸರಿ. ಬಿಡಿ ವಿನಿಯರ್ ಹಾಗಲ್ಲ. ಅದು ಋತುವಿಗೆ ತಕ್ಕಂತೆ ಅಗಲವಾಗುತ್ತದೆ, ಕುಗ್ಗುತ್ತದೆ. ರಬ್ಬರ್ ಅಂಟು ಆ ಎಳೆತಕ್ಕೆ ಜಗ್ಗುತ್ತದೆ, ಪಾಲಿಶ್‌ನ ಥಿನ್ನರ್ ಒಳಗಿಳಿದರೆ ಸಡಿಲವಾಗಿ ಗುಳ್ಳೆ ಏಳುತ್ತದೆ. ನಾನು ಬಳಸುವುದು ಬಿಳಿ ಫೆವಿಕಾಲ್ ಮತ್ತು ಇಸ್ತ್ರಿ ಪೆಟ್ಟಿಗೆ. ಇದಕ್ಕೆ ಮಳೆಗಾಲವನ್ನು ತಪ್ಪಿಸಿ. ಆಷಾಢದ ತೇವದಲ್ಲಿ ಹಿಗ್ಗಿದ ಹಾಳೆಯನ್ನು ಅಂಟಿಸಿದರೆ ಮಾರ್ಚ್ ತಿಂಗಳ ಒಣ ಗಾಳಿಗೆ ಅದು ಎಳೆಯುದ್ದಕ್ಕೂ ಸೀಳುತ್ತದೆ.

ಎಲ್ಲ ಕಡೆ ಒಂದು ಸೆಂಟಿಮೀಟರ್ ಹೆಚ್ಚಿಟ್ಟು ಹಾಳೆ ಕತ್ತರಿಸಿ. ಪೆಟ್ಟಿಗೆಗೂ ಹಾಳೆಯ ಹಿಂಬದಿಗೂ ಅಂಟನ್ನು ತೆಳುವಾಗಿ, ಸಮವಾಗಿ ಸವರಿ. ಪಾರ್ಟಿಕಲ್ ಬೋರ್ಡ್ ಮೊದಲ ಸಲದ್ದನ್ನು ಕುಡಿದುಬಿಡುವುದರಿಂದ ಅದಕ್ಕೆ ಎರಡನೆಯ ಸಲ ಬೇಕು. ಹಾಳೆ ಸುರುಳಿ ಸುತ್ತಿಕೊಂಡರೆ ಮುಂಬದಿಗೆ ತುಸು ನೀರು ಚಿಮುಕಿಸಿ. ಬಿಳಿ ಬಣ್ಣ ಹೋಗಿ ಅಂಟು ಪಾರದರ್ಶಕವಾಗಿ, ಬೆರಳಿಗೆ ಹತ್ತದಂತಾದಾಗ ಹಾಳೆಯನ್ನು ಕೂರಿಸಿ. ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಸಿ, ಉಗಿ ಇಲ್ಲದ ಇಸ್ತ್ರಿಯನ್ನು ಹತ್ತಿ ಬಟ್ಟೆಯ ಶಾಖಕ್ಕಿಟ್ಟು ನಡುವಿನಿಂದ ಅಂಚಿಗೆ ನಿಧಾನವಾಗಿ ಸರಿಸಿ. ಹಿಂದೆಯೇ ಮರದ ತುಂಡಿನಿಂದ, ತಣ್ಣಗಾಗುವವರೆಗೆ ಗಟ್ಟಿಯಾಗಿ ಒತ್ತುತ್ತ ಬನ್ನಿ. ಹಿಡಿಯುವುದು ಅಂಟು ತಣಿಯುವಾಗಲೇ. ಆಮೇಲೆ ಉಗುರಿನಿಂದ ಇಡೀ ಮೈಯನ್ನು ತಟ್ಟಿ ನೋಡಿ. ಅಂಟಿದ ಜಾಗ ಟಕ್ ಎನ್ನುತ್ತದೆ. ಅಂಟದ ಜಾಗದ ದನಿ ಕಾಗದದಂತೆ ಪೊಳ್ಳು. ಅಲ್ಲಿ ಮತ್ತೊಮ್ಮೆ ಇಸ್ತ್ರಿ ಇಡಿ.

ಹಿಂಭಾಗ ಮತ್ತು ತಳ ಮೊದಲು, ಆಮೇಲೆ ಬದಿಗಳು, ನಂತರ ಮೇಲ್ಭಾಗ ಮತ್ತು ಮುಂಭಾಗ. ಹೀಗಾದರೆ ಎದುರಿಗೆ ಕೂತು ಕೇಳುವವರಿಗೆ ಕೂಡು ಕಾಣುವುದಿಲ್ಲ. ಪ್ರತಿ ಬದಿಯ ಹೆಚ್ಚುವರಿ ಅಂಚನ್ನು ಮರುದಿನ ತೆಗೆದೇ ಮುಂದಿನದಕ್ಕೆ ಹೋಗಿ. ಅರವನ್ನು ಅಂಚಿನಿಂದ ಒಳಮುಖವಾಗಿ ತಳ್ಳಿ ಮಾತ್ರ ಉಜ್ಜಬೇಕು. ಹಿಂದಕ್ಕೆಳೆದರೆ ಚಕ್ಕೆ ಎದ್ದುಬರುತ್ತದೆ. ಸ್ಪೀಕರ್‌ನ ದುಂಡು ರಂಧ್ರಗಳನ್ನು ಹೊಸ ಬ್ಲೇಡಿನಿಂದ ಕೊರೆಯಿರಿ.

ಸ್ಯಾಂಡ್‌ಪೇಪರ್ 180, ಆಮೇಲೆ 220, ಕೊನೆಗೆ 320 ನಂಬರಿನದು, ಮರದ ತುಂಡಿಗೆ ಸುತ್ತಿ, ಎಳೆಯ ದಿಕ್ಕಿನಲ್ಲಿ, ಕೈಯಿಂದಲೇ. ಅರ್ಧ ಮಿಲಿಮೀಟರ್ ಹಾಳೆಯ ಅಂಚನ್ನು ಯಂತ್ರ ಕ್ಷಣದಲ್ಲಿ ತಿಂದುಹಾಕುತ್ತದೆ. ಸಾಗವಾನಿಗೆ ನನ್ನ ಆಯ್ಕೆ ಅಗಸೆ ಎಣ್ಣೆ. ಗಾಣದಿಂದ ತಂದ ಅಡುಗೆಯ ಅಗಸೆ ಎಣ್ಣೆ ವಾರಗಟ್ಟಲೆ ಒಣಗದೆ ಅಂಟಂಟಾಗಿರುತ್ತದೆ. ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಎಣ್ಣೆಯೇ ಬೇಕು. ಮೊದಲ ಲೇಪಕ್ಕೆ ಟರ್ಪೆಂಟೈನ್ ಬೆರೆಸಿ ತೆಳುವಾಗಿಸಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ, ಒಂದು ದಿನ ಬಿಟ್ಟು ಮುಂದಿನ ಲೇಪ ಕೊಡಿ. ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಲೇಬೇಡಿ, ಅದು ತಾನಾಗಿಯೇ ಕಾದು ಬೆಂಕಿ ಹತ್ತಬಹುದು. ನೀರಿನಲ್ಲಿ ಮುಳುಗಿಸಿಡಿ.

ಜೋಡಿಸುವಾಗ ಸ್ಕ್ರೂ ರಂಧ್ರ ಸಡಿಲವಾಗಿದ್ದರೆ ಬಿದಿರಿನ ಸೀಳಿಗೆ ಅಂಟು ಹಚ್ಚಿ ತುಂಬಿ. ಗಾಳಿ ಸೋರದಂತೆ ಸ್ಪೀಕರ್ ಕೆಳಗೆ ತೆಳುವಾದ ಫೋಮ್ ಪಟ್ಟಿ ಇಡಿ. ಕೊನೆಗೆ, ಹಿಂದಿನ ಕೆಂಪು ಟರ್ಮಿನಲ್‌ಗೆ ಒಂದೂವರೆ ವೋಲ್ಟಿನ ಶೆಲ್ಲಿನ ಪ್ಲಸ್ ತುದಿಯನ್ನೂ ಕಪ್ಪಿಗೆ ಇನ್ನೊಂದನ್ನೂ ಕ್ಷಣ ಮಾತ್ರ ಮುಟ್ಟಿಸಿ. ಎರಡೂ ಪೆಟ್ಟಿಗೆಗಳ ವೂಫರ್ ಒಂದೇ ದಿಕ್ಕಿಗೆ ಚಿಮ್ಮಬೇಕು. ಒಂದು ಹೊರಗೆ, ಒಂದು ಒಳಗೆ ಹೋದರೆ ತಂತಿ ಅದಲುಬದಲಾಗಿದೆ. ಹಾಗೆಯೇ ಬಿಟ್ಟರೆ ತಬಲಾದ ಡಗ್ಗಾದ ದನಿ ತೀರಾ ಸೊರಗುತ್ತದೆ. ಫೋಟೊ ನೋಡಿ ಸರಿಪಡಿಸಿ, ಆಮೇಲೆ ಸ್ಕ್ರೂ ಬಿಗಿಯಿರಿ.