ತೊಗರಿ ಸೀಸನ್‌ಗೆ ಮುಂಚೆ ಕ್ಲಸ್ಟರ್‌ಗೆ ಕೋಟಾ ಹಾಕುವುದು ಹೇಗೆ

ಡಿಸೆಂಬರ್ ಬಂತಂದ್ರೆ ಕಲಬುರಗಿ ಗಂಜ್‌ಗೆ ಹೊಸ ತೊಗರಿ ಬರೋಕೆ ಶುರು. ನಾನು ನೋಡಿಕೊಳ್ಳುವ ಕುಬರ್ನೆಟಿಸ್ ಕ್ಲಸ್ಟರ್‌ನಲ್ಲಿ (ಹಲವು ಸರ್ವರ್ ಸೇರಿಸಿ ಆ್ಯಪ್‌ಗಳನ್ನು ಓಡಿಸುವ ವ್ಯವಸ್ಥೆ) ಅಡತ್ ಅಂಗಡಿಗಳ ಬಿಲ್ಲಿಂಗ್, ರೈತರಿಗೆ ಹೋಗುವ ರೇಟಿನ ಎಸ್ಎಂಎಸ್, ತಿಂಗಳ ರಿಪೋರ್ಟ್ ಎಲ್ಲಾ ಒಟ್ಟಿಗೇ ಓಡುತ್ತವೆ. ರಿಪೋರ್ಟ್ ಮೆಮೊರಿ ನುಂಗಿ ಬಿಲ್ಲಿಂಗ್ ನಿಂತರೆ, ತೂಕ ಆದ ಮೇಲೂ ರೈತ ಚೀಟಿಗೆ ಕಾಯಬೇಕು. ಅದಾಗಬಾರದು. ಅದಕ್ಕೇ ಯಾರು ಎಷ್ಟು ಸಿಪಿಯು, ಮೆಮೊರಿ ಬಳಸಬಹುದು ಅಂತ ಕೋಟಾ ಹಾಕುವ ಈ ಕೆಲಸ ನವೆಂಬರ್‌ನಲ್ಲೇ ಮುಗಿಯಬೇಕು.

ಮೊದಲು ಮೂರಕ್ಕೂ ಬೇರೆ ಬೇರೆ ನೇಮ್‌ಸ್ಪೇಸ್ (ಕ್ಲಸ್ಟರ್ ಒಳಗಿನ ಪ್ರತ್ಯೇಕ ವಿಭಾಗ) ಮಾಡಿ. ಆಮೇಲೆ ಯಾವುದು ಎಷ್ಟು ಸಿಪಿಯು, ಮೆಮೊರಿ ತಿನ್ನುತ್ತಿದೆ ಅಂತ ಅಳೆಯಿರಿ. ಈ ಬಳಕೆಯ ಲೆಕ್ಕ ಕೊಡುವ ಮೆಟ್ರಿಕ್ಸ್ ಸರ್ವರ್ ಇದ್ದರೆ 'ಕ್ಯೂಬ್‌ಸಿಟಿಎಲ್ ಟಾಪ್ ಪಾಡ್' (kubectl top pod) ಕಮಾಂಡ್ ಸಾಕು; ಪಾಡ್ ಅಂದರೆ ಆ್ಯಪ್ ಓಡುವ ಅತಿ ಚಿಕ್ಕ ಘಟಕ. ರಶ್ ಇರುವ ಹೊತ್ತಲ್ಲೇ ನೋಡಿ.

ಈಗ ರಿಕ್ವೆಸ್ಟ್ (ಪಾಡ್‌ಗೆ ಕಾದಿರಿಸುವ ಸಿಪಿಯು, ಮೆಮೊರಿ), ಲಿಮಿಟ್ (ಅದು ದಾಟಬಾರದ ಮಿತಿ). ಪಾಡ್ ಯಾವ ನೋಡ್‌ಗೆ (ಕ್ಲಸ್ಟರ್‌ನ ಒಂದು ಸರ್ವರ್) ಹೋಗಬೇಕು ಅಂತ ಶೆಡ್ಯೂಲರ್ ರಿಕ್ವೆಸ್ಟ್ ನೋಡಿ ತೀರ್ಮಾನಿಸುತ್ತದೆ. ಲಿಮಿಟ್ ಕಾಯುವುದು ಲಿನಕ್ಸ್ ಕರ್ನಲ್. ಸಿಪಿಯು ಲಿಮಿಟ್ ಮುಟ್ಟಿದರೆ ಆ್ಯಪ್ ನಿಧಾನ ಆಗುತ್ತದೆ, ಅಷ್ಟೇ. ಮೆಮೊರಿ ಲಿಮಿಟ್ ದಾಟಿದರೆ ಪ್ರೊಸೆಸ್ಸನ್ನೇ ಕೊಲ್ಲುತ್ತದೆ, ಎಕ್ಸಿಟ್ ಕೋಡ್ 137 ಕಾಣುತ್ತದೆ. ಹಾಗಾಗಿ ಮೆಮೊರಿಗೆ ರಿಕ್ವೆಸ್ಟ್, ಲಿಮಿಟ್ ಎರಡನ್ನೂ ಒಂದೇ ಇಡುವುದು ಒಳ್ಳೆಯದು. ಯೂನಿಟ್ ಬರೆಯುವಾಗ ಹುಷಾರ್: ಸಿಪಿಯುಗೆ '500ಎಂ' (500m) ಅಂದರೆ ಅರ್ಧ ಕೋರ್. ಅದೇ ಸಣ್ಣ 'ಎಂ' ಮೆಮೊರಿಗೆ ಹಾಕಿದರೆ ಅರ್ಧ ಬೈಟ್! ಅಲ್ಲಿ 'ಎಂಐ' (Mi, ಅಂದರೆ ಮೆಬಿಬೈಟ್) ಬೇಕು.

ಮುಂದಿನದರಲ್ಲಿ ಕ್ರಮ ಮುಖ್ಯ. ಮೊದಲು ಲಿಮಿಟ್ ರೇಂಜ್ (ಒಂದೊಂದು ಪಾಡ್, ಕಂಟೇನರ್‌ಗೆ ಮಿತಿ ಮತ್ತು ಡೀಫಾಲ್ಟ್), ಆಮೇಲೆ ರಿಸೋರ್ಸ್ ಕೋಟಾ (ಇಡೀ ನೇಮ್‌ಸ್ಪೇಸ್‌ಗೆ ಒಟ್ಟು ಮಿತಿ). ಕೋಟಾದಲ್ಲಿ ರಿಕ್ವೆಸ್ಟ್, ಲಿಮಿಟ್ ಲೆಕ್ಕ ಇಟ್ಟರೆ, ಅವನ್ನು ಬರೆಯದ ಹೊಸ ಪಾಡ್ ಒಳಗೇ ಬರುವುದಿಲ್ಲ. ಲಿಮಿಟ್ ರೇಂಜ್‌ನಲ್ಲಿ ಡೀಫಾಲ್ಟ್ ಕೊಟ್ಟಿದ್ದರೆ ಅದು ತಾನೇ ತುಂಬುತ್ತದೆ. ಆದರೆ ಆಗಲೇ ಓಡುತ್ತಿರುವ ಪಾಡ್‌ಗಳಿಗೆ ಇದು ತಾಗುವುದಿಲ್ಲ, ಅವನ್ನು ರೀಸ್ಟಾರ್ಟ್ ಮಾಡಲೇಬೇಕು.

ಕೋಟಾ ತುಂಬಿದಾಗ ಹೊಸಬರು ಸಿಕ್ಕಿಬೀಳುವುದು ಇಲ್ಲೇ. ಡಿಪ್ಲಾಯ್‌ಮೆಂಟ್ (ಆ್ಯಪ್ ಓಡಿಸಲು ಕೊಡುವ ಆದೇಶ) ಸಲೀಸಾಗಿ ಆಗುತ್ತದೆ, ಎರರ್ ಏನೂ ಇಲ್ಲ, ಪಾಡ್ ಮಾತ್ರ ಬರುವುದಿಲ್ಲ. ಪಾಡ್ ಲಾಗ್ ಹುಡುಕಿ ಸುಮ್ನೆ ಟೈಮ್ ಕಳೀಬೇಡಿ, ಪಾಡೇ ಹುಟ್ಟಿಲ್ಲ ಅಲ್ವಾ? ಡಿಪ್ಲಾಯ್‌ಮೆಂಟ್ ಪರವಾಗಿ ಪಾಡ್ ಹುಟ್ಟಿಸುವ ರೆಪ್ಲಿಕಾ ಸೆಟ್ಟನ್ನು 'ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್' ಮಾಡಿ. ಕೊನೆಯಲ್ಲಿರುವ ಈವೆಂಟ್ಸ್‌ನಲ್ಲಿ 'ಎಕ್ಸೀಡೆಡ್ ಕೋಟಾ' ಅಂತ ಬರೆದಿರುತ್ತದೆ. ಎಷ್ಟು ಕೇಳಿತು, ಎಷ್ಟು ಬಳಕೆಯಲ್ಲಿದೆ, ಮಿತಿ ಎಷ್ಟು, ಮೂರೂ ಅಲ್ಲೇ ಸಿಗುತ್ತವೆ.

ಇಷ್ಟಾದ ಮೇಲೆ ಪಾಲಿಸಿ. 'ಲಿಮಿಟ್ ಇಲ್ಲದ ಪಾಡ್ ಬೇಡ' ಎಂಬ ನಿಯಮವನ್ನು ಕೈವರ್ನೊದಲ್ಲಿ (ಕ್ಲಸ್ಟರ್‌ಗೆ ನಿಯಮ ಹಾಕುವ ಟೂಲ್) ಮೊದಲು ಆಡಿಟ್ ಮೋಡ್‌ನಲ್ಲಿ ಬಿಡಿ. ಅಂಥದೇ ಇನ್ನೊಂದು ಟೂಲ್ ಗೇಟ್‌ಕೀಪರ್ ಬಳಸುವವರಿಗೆ ಡ್ರೈರನ್. ಯಾರನ್ನೂ ತಡೆಯುವುದಿಲ್ಲ, ಯಾರು ತಪ್ಪಿದ್ದಾರೆ ಅಂತ ಪಟ್ಟಿ ಕೊಡುತ್ತದೆ. ಪಟ್ಟಿ ಖಾಲಿ ಆದ ಮೇಲೇ ಎನ್‌ಫೋರ್ಸ್‌ಗೆ, ಗೇಟ್‌ಕೀಪರ್ ಆದರೆ ಡಿನೈಗೆ, ಅಂದರೆ ನಿಜವಾಗಿ ತಡೆಯುವ ಮೋಡ್‌ಗೆ ತಿರುಗಿಸಿ. ಸೀಸನ್ ನಡುವೆ ತಿರುಗಿಸಬೇಡಿ.